ಕೆನ್ನೆಯೊಳಗೆ ಉಳಿದ ವಿಭೂತಿ

ಮಕ್ಕಳೇ,

ಶ್ರಾವಣಿಯ ಎಡಗೆನ್ನೆಯ ಮೇಲೆ ಅವರೆಕಾಳಿನಷ್ಟು ಅಗಲದ ಒಂದು ಗುರುತಿದೆ. ಕಳೆದ ದೀಪಾವಳಿ ರಜೆಗೆ ಹುಕ್ಕೇರಿಯಿಂದ ಬಂದಾಗ ನೀವಿಬ್ಬರೂ ಅದನ್ನು ಮುಟ್ಟಿ ನೋಡಿ, "ಇದೇನ ಆಗೈತಿ?" ಎಂದು ಕೇಳಿದಿರಿ. ಅವಳು, "ಆಯಿನ್ನ ಕೇಳ್ರಿ" ಎಂದಳು. ನೀವು ನನ್ನ ಕಡೆ ತಿರುಗುವಷ್ಟರಲ್ಲಿ ನಾನು ಒಲೆಯ ಮೇಲೆ ಹಾಲಿಟ್ಟದ್ದು ನೆನಪಾದವಳಂತೆ ಎದ್ದು ಹೋದೆ. ಒಲೆಯ ಮೇಲೆ ಹಾಲು ಇರಲಿಲ್ಲ.

ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ನನ್ನ ಹೆಣ್ಣುಮಕ್ಕಳು, ನಿಮ್ಮ ಅವ್ವಂದಿರೂ ಓದಲಿ. ಎಲ್ಲೋ ಆಸ್ಪತ್ರೆಯ ಬೆಂಚಿನ ಮೇಲೆ ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ತಪ್ಪು ನನ್ನದೇ ಎಂದುಕೊಳ್ಳುತ್ತ ಕೂತ ಇನ್ನೊಬ್ಬ ಆಯಿಯ ಕೈಗೆ ಸಿಕ್ಕರೂ ಒಳ್ಳೆಯದೇ.

ಎರಡು ವರ್ಷದ ಹಿಂದಿನ ಮಾತು. ಶ್ರಾವಣಿಗೆ ಆಗ ಆರು ವರ್ಷ. ಕಬ್ಬಿನ ಕಟಾವು ಜೋರಾಗಿ ನಡೆದಿತ್ತು. ಮೂಡಲಗಿ ಕಡೆಯಿಂದ ಕಬ್ಬು ಹೇರಿಕೊಂಡು ಬರುವ ಟ್ರ್ಯಾಕ್ಟರುಗಳು ನಮ್ಮ ಮನೆಯ ಮುಂದಿನ ತಿರುವಿನಲ್ಲಿ ನಿಧಾನ ಆಗುತ್ತವೆ. ಅಲ್ಲಿ ಊರಿನ ಮಕ್ಕಳು ಕಾಯುತ್ತಿರುತ್ತಾರೆ. ಹಿಂದಿನ ಡಬ್ಬಿಗೆ ಜೋತುಬಿದ್ದು ಒಂದೊಂದು ಕಬ್ಬು ಎಳೆದುಕೊಂಡು ಓಡುತ್ತಾರೆ, ಡ್ರೈವರ್ ಹಿಂದೆ ತಿರುಗಿ ಬೈಯುತ್ತಾನೆ, ಮಕ್ಕಳು ನಗುತ್ತಾರೆ. ನಾನೂ ಸಣ್ಣವಳಿದ್ದಾಗ ಎತ್ತಿನ ಚಕ್ಕಡಿಯಿಂದ ಹಾಗೆಯೇ ಎಳೆದವಳು. ಚಕ್ಕಡಿ ಬೇರೆ, ಟ್ರ್ಯಾಕ್ಟರ್ ಬೇರೆ ಎಂಬ ಬುದ್ಧಿ ನನಗಿರಬೇಕಿತ್ತು. ಶ್ರಾವಣಿ ಕಬ್ಬು ತಂದರೆ ಸಿಪ್ಪೆ ತೆಗೆದು, ಗಣಿಕೆ ಬಿಟ್ಟು, ಸಣ್ಣ ತುಂಡು ಮಾಡಿ ಕೊಡುತ್ತಿದ್ದೆನೇ ಹೊರತು ಒಂದು ದಿನವೂ ಬೇಡ ಎನ್ನಲಿಲ್ಲ.

ಅವಳ ತಾಯಿ, ನನ್ನ ಸೊಸೆ ಸುಜಾತಾ, ಅಂದು ಊರಲ್ಲಿರಲಿಲ್ಲ. ತಮ್ಮನ ನಿಶ್ಚಯ ಇದ್ದುದರಿಂದ ತವರಿಗೆ, ಬೆಲ್ಲದ ಬಾಗೇವಾಡಿಗೆ ಹೋಗಿದ್ದಳು. ಪರೀಕ್ಷೆ ತಪ್ಪಬಾರದೆಂದು ಮಗಳನ್ನು ನನ್ನ ಹತ್ತಿರ ಬಿಟ್ಟಿದ್ದಳು. ಮಗ ಮಹಾಂತೇಶ ಮೂಡಲಗಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನಲ್ಲ, ಮುಂಜಾನೆ ಹೋದರೆ ಸಂಜೆಗೇ ಬರುವವನು.

ಶ್ರಾವಣಿ ಎಳೆದ ಕಬ್ಬು ಮೊದಲು ಸಿಕ್ಕಿಕೊಂಡಿತಂತೆ. ಎರಡೂ ಕೈಯಿಂದ ಜಗ್ಗಿದಾಗ ಒಮ್ಮೆಲೇ ಬಂದುಬಿಟ್ಟಿತು. ಹೊಸ ರಸ್ತೆಗೆ ಹರವಿದ್ದ ಜಲ್ಲಿ ಖಡಿಯ ಮೇಲೆ ಅವಳು ಮುಖ ಅಡಿಯಾಗಿ ಬಿದ್ದಳು. ಹಲ್ಲಿಗೆ ಏನೂ ಆಗಲಿಲ್ಲ, ಕಣ್ಣಿಗೆ ಏನೂ ಆಗಲಿಲ್ಲ. ಎಡಗೆನ್ನೆ ತರಚಿ, ನಡುವೆ ಒಂದು ಕಡೆ ಸ್ವಲ್ಪ ಆಳವಾಗಿ ಕಿತ್ತು, ರಕ್ತ ಬರುತ್ತಿತ್ತು. ನಾನು ತಂಬಿಗೆಯಲ್ಲಿ ನೀರು ತಂದೆ. ಬಾಜೂ ಮನೆಯ ಗಂಗವ್ವ ನನ್ನ ಕೈ ಹಿಡಿದಳು.

"ನೀರ ಹಚ್ಚಬ್ಯಾಡ್ರಿ ಅಕ್ಕಾ, ಕೀವ ಆಕ್ಕೈತಿ."

ನಾನು ಚಿಕ್ಕಂದಿನಿಂದ ಕೇಳಿದ್ದೂ ಅದೇ. ದೇವರ ಗೂಡಿನಿಂದ ವಿಭೂತಿಯ ಗಟ್ಟಿ ತಂದು, ಚಾಕುವಿನಿಂದ ಕೆರೆದು, ಆ ಪುಡಿಯನ್ನು ಗಾಯಕ್ಕೆ ಒತ್ತಿದೆ. ರಕ್ತ ಅದನ್ನು ತೋಯಿಸಿಬಿಟ್ಟಿತು. ಮತ್ತೆ ಒತ್ತಿದೆ. ಮೂರನೆಯ ಸಲಕ್ಕೆ ನಿಂತಿತು. ನನ್ನ ತವರಿನಲ್ಲಿ ಕುಡುಗೋಲು ತಗುಲಿದರೂ ಇದೇ, ಮುಳ್ಳು ಹೊಕ್ಕರೂ ಇದೇ.

"ಆಯಿ, ಇದು ಹಣಿಗೆ ಹಚ್ಚಕೊಳ್ಳೂದಲ್ಲ?" ಎಂದು ಅಳುತ್ತಲೇ ಕೇಳಿದಳು ಶ್ರಾವಣಿ.

"ಗಾಯಕ್ಕೂ ಆಕ್ಕೈತಿ. ಸುಮ್ಮನಿರು."

ಅಳು ನಿಂತ ಮೇಲೆ ಅವಳಿಗೆ ಬೇರೆ ಚಿಂತೆ ಹತ್ತಿತು. "ಕಬ್ಬಿಂದ ಮಮ್ಮಿಗೆ ಹೇಳಬ್ಯಾಡ ಆಯಿ. ಹೊಡೀತಾಳ." ನಾನು ಹೇಳುವುದಿಲ್ಲ ಎಂದು ಅವಳ ಕೈಯ ಮೇಲೆ ಕೈ ಇಟ್ಟೆ. ಅಂಗಳದಲ್ಲಿ ಎಡವಿ ಬಿದ್ದಳು ಎನ್ನುವುದು ಎಂದು ಇಬ್ಬರೂ ಮಾತಾಡಿಕೊಂಡೆವು. ಆ ಕಬ್ಬನ್ನು ಅವಳು ಬಲದವಡೆಯಿಂದ ತಿಂದಳು.

ಮರುದಿನ ಮೇಲಿನ ಬೂದಿ ಉದುರಿ, ಕಂದು ಬಣ್ಣದ ಹಕ್ಕಳೆ ಕಟ್ಟಿತ್ತು. ಮಹಾಂತೇಶ ನೋಡಿ, "ಪಾಡ ಆತ ಬಿಡವ್ವಾ, ಒಣಗೇತಿ" ಎಂದು ಅಂಗಡಿಗೆ ಹೋದ. ಫೋನಿನಲ್ಲಿ ಸುಜಾತಾಳಿಗೂ ಸಣ್ಣ ಗಾಯ ಎಂದೇ ಹೇಳಿದೆ. ಒಣಗಿದರೆ ವಾಸಿಯಾಯಿತು ಎಂದೇ ನಾವೆಲ್ಲ ತಿಳಿದಿದ್ದೆವು.

ಮೂರನೆಯ ದಿನ ಕೆನ್ನೆ ಬಿಗಿಯಿತು. ನಾಲ್ಕನೆಯ ದಿನ ಸುಜಾತಾ ಬಸ್ಸಿಳಿದು ಬಂದಾಗ ಮಗುವಿನ ಕಣ್ಣು ಅರ್ಧ ಮುಚ್ಚಿತ್ತು, ಮೈ ಬಿಸಿಯಿತ್ತು. ಬ್ಯಾಗನ್ನು ಕಟ್ಟೆಯ ಮೇಲೆ ಇಟ್ಟವಳು ಒಳಗೆ ಕೂಡ ಬರಲಿಲ್ಲ.

"ಅತ್ತಿ, ಸಣ್ಣ ಗಾಯ ಅಂದ್ರೆಲ್ಲಾ?"

ನಾನು ಸೆರಗು ಸರಿಮಾಡಿಕೊಂಡು ಅವಳ ಹಿಂದೆ ಹೊರಟೆ. ಅದೇ ಬಸ್ಸು ತಿರುಗಿ ಬರುವುದರೊಳಗೆ ನಾವು ಮೂವರೂ ನಿಲ್ದಾಣದಲ್ಲಿದ್ದೆವು.

ಘಟಪ್ರಭಾದ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರ್ ಒಬ್ಬ ಹೆಣ್ಣುಮಗಳು. ಹೊರಗೆ ಕೂರುವ ಕಡೆ ಗೋಡೆಯ ಉದ್ದಕ್ಕೂ ಒಂದು ರೈಲು ಬರೆದಿದ್ದಾರೆ. ಒಂದೊಂದು ಡಬ್ಬಿಯ ಕಿಟಕಿಯಲ್ಲಿ ಒಂದೊಂದು ಪ್ರಾಣಿ. ಜ್ವರದಲ್ಲೂ ಶ್ರಾವಣಿ ಡಬ್ಬಿ ಎಣಿಸಿದಳು. ಮುಂದಿನ ದಿನಗಳಲ್ಲಿ ಆ ಡಬ್ಬಿಗಳನ್ನು ನಾನೂ ಎಷ್ಟು ಸಲ ಎಣಿಸಿದೆನೋ. ಆನೆಯ ಡಬ್ಬಿಯ ಹತ್ತಿರ ಸುಣ್ಣ ಎದ್ದಿತ್ತು. ನಮ್ಮ ಹೆಸರು ಕೂಗಿದರೆ ಎಣಿಕೆ ತಪ್ಪುತ್ತಿತ್ತು, ಕೂಗದಿದ್ದರೂ ತಪ್ಪುತ್ತಿತ್ತು.

ಒಳಗೆ ಡಾಕ್ಟರ್ ಕೇಳಿದರು, "ಎಲ್ಲಿ ಬಿದ್ದಿ ಪುಟ್ಟಿ?"

"ಅಂಗಳದಾಗ" ಎಂದಳು ಶ್ರಾವಣಿ, ನನ್ನ ಕಡೆ ನೋಡದೆ.

"ಏನರ ಹಚ್ಚೀರೇನು ಇದಕ್ಕ? ಅರಿಷಿಣಾ, ಚಾಪುಡಿ, ಏನರ?"

ನಾನು ಬಾಗಿಲ ಹತ್ತಿರ ನಿಂತಿದ್ದೆ. ಸುಜಾತಾ ನನ್ನನ್ನು ತಿರುಗಿ ಕೂಡ ನೋಡಲಿಲ್ಲ. "ಇಲ್ರಿ. ನಮ್ಮ ಅತ್ತಿ ಹಂಗೆಲ್ಲಾ ಏನೂ ಹಚ್ಚೂದಿಲ್ರಿ" ಎಂದಳು.

ಅಷ್ಟು ಭರವಸೆಯಿಂದ ಅಂದಳು ನೋಡಿ, ನನ್ನ ನಾಲಿಗೆ ಹೊರಳಲೇ ಇಲ್ಲ.

ಔಷಧ ಕೊಟ್ಟರು, ಹಕ್ಕಳೆ ಎತ್ತಿ ಕೀವು ತೆಗೆದು ಪಟ್ಟಿ ಹಾಕಿದರು. ದಿನ ಬಿಟ್ಟು ದಿನ ಬರಲು ಹೇಳಿದರು. ಜ್ವರ ಇಳಿಯಿತು, ಬಾವು ಇಳಿಯಿತು, ಸುತ್ತಲಿನ ತರಚು ಗಾಯವೆಲ್ಲ ಬೇಗ ಬೇಗ ಕೂಡಿಕೊಂಡಿತು. ಮಕ್ಕಳ ಚರ್ಮ ಎಷ್ಟು ಅವಸರದಿಂದ ಕೂಡುತ್ತದೆ ಎಂದು ದಿನಾ ನೋಡಿ ಬೆರಗಾಗುತ್ತಿದ್ದೆ. ಆದರೆ ನಡುವಿನ ಆ ಒಂದು ಕಡೆ ಮಾತ್ರ ಕೂಡಲಿಲ್ಲ. ಪಟ್ಟಿ ಬಿಚ್ಚಿದಾಗಲೆಲ್ಲ ತಳದಲ್ಲಿ ಕಪ್ಪು ಬೂದು ಬಣ್ಣ ಕಾಣುತ್ತಿತ್ತು.

ನಾಲ್ಕನೆಯ ಸಲ ಹೋದಾಗ ಡಾಕ್ಟರ್ ಬಹಳ ಹೊತ್ತು ದೀಪ ಹಿಡಿದು ನೋಡಿದರು.

"ಒಳಗ ಚರ್ಮಾ ಸತ್ತಂಗ ಕಾಣತೈತಿ. ಗೋಕಾಕಕ್ಕ ಹೋಗಿ ಆಪರೇಶನ್ ಮಾಡೋ ಡಾಕ್ಟರಿಗೆ ತೋರಸ್ರಿ. ಅಷ್ಟ ಭಾಗ ಕೊಯ್ದು ತಗದು, ಹೊಲಿಗಿ ಹಾಕಬೇಕಾಗಬಹುದು."

"ಹೊಲಿಗಿ ಅಂದ್ರ ಗುರುತ ಉಳಿತೈತೇನ್ರಿ?" ಸುಜಾತಾ ಕೇಳಿದಳು.

"ಉಳಿತೈತಿ. ಎಷ್ಟ ಅಂತ ಈಗ ಹೇಳಾಕ ಬರೂದಿಲ್ಲ."

ಚೀಟಿ ಬರೆದುಕೊಟ್ಟರು. ಹೊರಗೆ ಬಂದು ಸುಜಾತಾ ತಾಯಿಗೆ ಫೋನು ಹಚ್ಚಿದಳು. ಆ ಕಡೆಯ ಮಾತು ನನಗೂ ಕೇಳಿಸುವಷ್ಟು ಜೋರಾಗಿತ್ತು. "ಹೆಣ್ಣ ಹುಡುಗಿ ಸುಜಾ, ಅದೂ ಮಾರಿ ಮ್ಯಾಲ! ಕೊಯ್ಯಾಕ ಕೊಡಬ್ಯಾಡ, ಬೆಳಗಾವಿಗೆ ಒಯ್ಯಿ." ಸುಜಾತಾ ಫೋನು ಹಿಡಿದುಕೊಂಡೇ ಜಗಲಿಯ ಕಡೆ ಹೋದಳು. ಮಹಾಂತೇಶನಿಗೆ ಬರಲು ಹೇಳುತ್ತಿದ್ದಳು. ಶ್ರಾವಣಿ ಡಬ್ಬಿ ಎಣಿಸುವುದು ಬಿಟ್ಟು ನನ್ನ ಸೆರಗಿನೊಳಗೆ ಮುಖ ಹುದುಗಿಸಿದಳು. "ಆಯಿ, ಕೊಯ್ಯೂದಂದ್ರ ಚಾಕೂಲೇ ಏನ?"

ಪಕ್ಕದಲ್ಲಿ ಗೋಕಾಕ ಫಾಲ್ಸಿನಿಂದ ಬಂದ ಒಬ್ಬ ಹೆಣ್ಣುಮಗಳು ಕೂತಿದ್ದಳು. ತೊಡೆಯ ಮೇಲೆ ಎರಡು ವರ್ಷದ ಮಗಳು. ತಾನಾಗಿಯೇ ಮಗುವಿನ ತೋಳು ತೋರಿಸಿದಳು. ಬಿಸಿ ಚಹಾ ಚೆಲ್ಲಿ ಸುಟ್ಟದ್ದಂತೆ. ಮಚ್ಚೆಯಂಥ ಒಂದು ತಿಳಿ ಕಲೆ ಉಳಿದಿತ್ತು, ಅಷ್ಟೇ.

"ಮೊದಲ ಇದು ಕೆಂಪಗ, ಹಗ್ಗದಂಗ ಉಬ್ಬಿತ್ರಿ. ಈಗ ನೋಡ್ರಿ. ನಾನ ಶಾಣ್ಯಾಕಿ, ಹಲ್ಲ ತಿಕ್ಕೂ ಪೇಸ್ಟ ಬಡದಿದ್ನಿ. ಡಾಕ್ಟರ ಮುಂದ ಹೇಳಿದ್ನಿ, ಬೈದ್ರು. ಬೈಸ್ಕೊಂಡ್ರ ನಮಗೇನ ಗಾಯ ಆಕ್ಕೈತೇನ್ರಿ?"

ಹೀಗೆಂದು ನಕ್ಕಳು. ನನಗೆ ನಗು ಬರಲಿಲ್ಲ. ನಿಮ್ಮ ಅಜ್ಜ ನೆನಪಾದರು.

ನಿಮಗೆ ಯಾರಿಗೂ ಹೇಳದ ಮಾತಿದು. ಅವರು ತೀರಿಕೊಳ್ಳುವ ಮುಂಚೆ ಮೂರು ದಿನ ಎದೆ ಹಿಡಿದಂತಾಗುತ್ತದೆ ಎನ್ನುತ್ತಿದ್ದರು. ನನ್ನೊಬ್ಬಳ ಮುಂದೆ. ಆಸ್ಪತ್ರೆಗೆ ಒಯ್ದಾಗ ಡಾಕ್ಟರ್ ಎಂದಿನಿಂದ ಎಂದು ಕೇಳಿದರು. ಮಹಾಂತೇಶ, ಇವತ್ತು ಮುಂಜಾನೆಯಿಂದ ಎಂದ. ಅವನಿಗೆ ಗೊತ್ತಿದ್ದುದು ಅಷ್ಟೇ. ನಾನು ಪರದೆಯ ಹಿಂದೆ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದೆ. ಅಷ್ಟು ಜನ ಗಂಡಸರ ನಡುವೆ ಅಲ್ಲರೀ, ಮೂರು ದಿನ ಆಯಿತು ಎನ್ನಲು ಬಾಯಿ ಬರಲಿಲ್ಲ. ಹೇಳಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಯಾರಿಗೆ ಗೊತ್ತು. ಗೊತ್ತಿಲ್ಲದ ಆ ಒಂದು ಮಾತನ್ನು ಹೊತ್ತುಕೊಂಡು ಎಂಟು ವರ್ಷ ಬದುಕಿದ್ದೇನೆ.

ಶ್ರಾವಣಿಯನ್ನು ಆ ಹೆಣ್ಣುಮಗಳ ಪಕ್ಕ ಕೂರಿಸಿ ಎದ್ದೆ. ಬಾಗಿಲಲ್ಲಿ ಸಿಸ್ಟರ್ ತಡೆದಳು.

"ಎಲ್ಲಿಗ್ರಿ ಆಯಿ? ನಂಬರ ಐತೇನು?"

"ನಂಬರ ಇಲ್ಲವಾ. ಒಂದ ಮಾತೈತಿ."

ಒಳಗೆ ಬೇರೆ ಯಾವುದೋ ಮಗುವಿನ ಗಂಟಲು ನೋಡುತ್ತಿದ್ದರು. ಅದರ ತಂದೆತಾಯಿ ಇಬ್ಬರೂ ನನ್ನನ್ನೇ ನೋಡಿದರು. ನಾನು ಡಾಕ್ಟರರ ಮುಖ ನೋಡಲಾರದೆ ಮೇಜಿನ ಮೇಲಿನ ದೀಪಕ್ಕೆ ಹೇಳಿದೆ.

"ಡಾಕ್ಟರ ಬಾಯಾರ, ಆ ಹುಡುಗಿ ಅಂಗಳದಾಗ ಬಿದ್ದಿಲ್ರಿ. ರಸ್ತಾದ ಖಡಿ ಮ್ಯಾಲ ಬಿದ್ದೈತಿ. ನಾ ತೊಳದಿಲ್ರಿ. ಈಬತ್ತಿ ತುಂಬೇನ್ರಿ. ಒತ್ತಿ ಒತ್ತಿ, ಮೂರ ಸಲ."

"ಈಬತ್ತಿ ಅಂದ್ರ ವಿಭೂತಿ?"

"ಹೌಂದ್ರಿ."

ಅವರು ಕೈಯಲ್ಲಿದ್ದ ಬ್ಯಾಟರಿ ಕೆಳಗಿಟ್ಟರು. ಬೈಗುಳಕ್ಕೆ ಬೆನ್ನು ಕೊಟ್ಟವಳಂತೆ ನಾನು ಬಾಗಿ ನಿಂತಿದ್ದೆ. ಬೈಗುಳ ಬರಲಿಲ್ಲ.

"ಆಯಿ, ಇದನ್ನ ಮೊದಲ ದಿನಾನ ಹೇಳಬೇಕಿತ್ತು. ಇರಲಿ, ಈಗರ ಹೇಳಿದ್ರಿ. ಆ ಗೋಕಾಕದ ಚೀಟಿ ತಿರುಗಿ ತರ್ರಿ ಇಲ್ಲೆ. ಮೊದಲ ತೊಳದ ನೋಡೂಣು."

ಸಣ್ಣ ಕೋಣೆಯಲ್ಲಿ ಶ್ರಾವಣಿಯನ್ನು ಮಂಚದ ಮೇಲೆ ಮಲಗಿಸಿ, ಗಾಯಕ್ಕೆ ನೋವು ತಿಳಿಯದ ಮುಲಾಮು ಸವರಿ, ಅದು ಹಿಡಿಯಲಿ ಎಂದು ಬಿಟ್ಟರು. ವಿಷಯ ಕೇಳಿದ ಸುಜಾತಾ ನನ್ನ ಎದುರು ಕೂತಿದ್ದಳು. ಬಲಕ್ಕೆ ಹೊರಳಿ ಮಲಗಿದ್ದ ಶ್ರಾವಣಿ ನನ್ನನ್ನು ಒಂದೇ ಕಣ್ಣಿನಿಂದ ದುರುಗುಟ್ಟಿ ನೋಡುತ್ತಿದ್ದಳು.

"ಎಲ್ಲಾ ಹೇಳಿದಿ?" ಎಂದಳು ಪಿಸುಮಾತಿನಲ್ಲಿ.

"ಹೇಳಿದ್ನಿ."

"ಕಬ್ಬಿಂದೂ?"

"ಕಬ್ಬಿಂದ ಅವರು ಕೇಳಲಿಲ್ಲ."

"ಯಾವ ಕಬ್ಬು?" ಎಂದಳು ಸುಜಾತಾ.

ಇಬ್ಬರೂ ಗೋಡೆ ನೋಡಿದೆವು. ಆ ಕೋಣೆಯ ಗೋಡೆಯ ಮೇಲೆ ಯಾವ ಚಿತ್ರವೂ ಇರಲಿಲ್ಲ.

ಡಾಕ್ಟರ್ ಬಂದು ಉಪ್ಪುನೀರನ್ನು ಸಿರಿಂಜಿನಿಂದ ಚಿಮ್ಮಿಸಿ ಚಿಮ್ಮಿಸಿ ತೊಳೆದರು. ನಾನು ಮಗುವಿನ ತಲೆ ಹಿಡಿದಿದ್ದೆ, ಸುಜಾತಾ ಕಾಲು ಹಿಡಿದಿದ್ದಳು. ಮೊದಲು ಬೂದು ನೀರು ಬಂತು. ಆಮೇಲೆ ಚಿಮಟದಿಂದ ಖಡಿಯ ಒಂದು ಕಪ್ಪು ಕಣ ತೆಗೆದು ಬಿಳಿ ಬಟ್ಟೆಯ ಮೇಲೆ ಇಟ್ಟರು. ಸಾಸಿವೆಗಿಂತ ಸಣ್ಣದು. ಇನ್ನೊಂದು. ಮತ್ತೊಂದು. ಶ್ರಾವಣಿ ಚೀರಿದ್ದು ನೋವಿಗಲ್ಲ, ಹೆದರಿಕೆಗೆ. ಕೊನೆಗೆ ಡಾಕ್ಟರ್ ದೀಪವನ್ನು ಹತ್ತಿರ ಎಳೆದು, "ಸತ್ತ ಚರ್ಮಾ ಅಲ್ಲ ಇದು. ಬರ್ರಿ ಆಯಿ, ನೀವ ನೋಡ್ರಿ, ತಳಾ ಕೆಂಪಗ ಚಲೋ ಐತಿ" ಎಂದರು. ಕೆಂಪು ಕಂಡರೆ ಹೆದರುತ್ತಿದ್ದ ನಾನು ಆ ಕೆಂಪಿಗೆ ಕೈ ಮುಗಿದೆ.

ಆದರೂ ಅವರು ಪೂರ್ತಿ ಮಾತು ಕೊಡಲಿಲ್ಲ. ಎಂಟು ದಿನ ನೋಡೋಣ, ಕೂಡಿಕೊಂಡರೆ ಗೋಕಾಕ ಬೇಡ, ಕೂಡದಿದ್ದರೆ ಹೋಗಲೇಬೇಕು ಎಂದರು. ದಿನಾ ಕಾಯಿಸಿ ಆರಿಸಿದ ನೀರಿನಿಂದ ತೊಳೆದು, ಕೊಟ್ಟ ಮುಲಾಮನ್ನು ತೆಳ್ಳಗೆ ಸವರಿ ಮುಚ್ಚಬೇಕು. ಒಣಗಲು ಬಿಡಬಾರದು. ಹಕ್ಕಳೆ ಕಟ್ಟಲು ಬಿಡಬಾರದು. ನಾನು ಇಷ್ಟು ವರ್ಷ ತಿಳಿದಿದ್ದಕ್ಕೆಲ್ಲ ಉಲ್ಟಾ.

ಬಸ್ಸಿನಲ್ಲಿ ಸುಜಾತಾ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೂತಳು. ಮನೆಯಲ್ಲಿ ಎರಡು ದಿನ ಅಡುಗೆ, ಊಟ, ಎಲ್ಲ ನಡೆಯಿತು. ಮಾತು ಮಾತ್ರ ನಡೆಯಲಿಲ್ಲ. ಮಹಾಂತೇಶ ನಡುವೆ ಸಿಕ್ಕಿಕೊಂಡು, "ಚಹಾ ಚಲೋ ಆಗೈತಿ" ಎಂದು ಇಬ್ಬರಿಗೂ ಹೇಳುತ್ತಿದ್ದ. ಗಾಯ ತೊಳೆಯುವ ಹೊತ್ತಿಗೆ ಸುಜಾತಾ ಮಗಳನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಳಗೆ ಶ್ರಾವಣಿ ಅತ್ತರೆ ನಾನು ಹೊರಗೆ ಜೋಳ ಹಸನು ಮಾಡುತ್ತ ಕೂತಿರುತ್ತಿದ್ದೆ. ಹಸನಾದ ಜೋಳವನ್ನೇ ಮತ್ತೆ ಮೊರದಲ್ಲಿ ಹಾಕಿಕೊಂಡು ಕೇರುತ್ತಿದ್ದೆ.

ಮೂರನೆಯ ದಿನ ಬಾಗಿಲು ತೆರೆಯಿತು.

"ಅತ್ತಿ, ಬರ್ರಿ ಇಲ್ಲೆ. ಇಕಿ ನನ್ನ ಕೈಯಾಗ ನಿಲ್ಲವಲ್ಲಳು."

"ನನ್ನ ಕೈ ಬ್ಯಾಡವಾ" ಎಂದೆ.

"ಕೈ ಏನ ಮಾಡೇತ್ರಿ? ಕೈ ತನಗ ಗೊತ್ತಿದ್ದಿದ್ದ ಮಾಡೇತಿ. ಬಾಯಿ ಮುಚ್ಚಿಕೊಂಡ ಕುಂತಿದ್ದ ತಪ್ಪ. ನಾ ಡಾಕ್ಟರ ಮುಂದ ನಿಮ್ಮ ಹೆಸರ ತಗೊಂಡ ಆಣಿ ಮಾಡಿದಂಗ ಹೇಳಿದ್ನಿ." ಹತ್ತಿಯನ್ನು ನನ್ನ ಅಂಗೈಯಲ್ಲಿ ಇಟ್ಟಳು. "ತೊಳೀರಿ. ಏನ ಮಾಡಾಕತ್ತೀರಿ ಅಂತ ಬಾಯಿಲೆ ಹೇಳಕೋತ ತೊಳೀರಿ. ನನಗ ಕೇಳಬೇಕು."

ಅಂದಿನಿಂದ ದಿನಕ್ಕೆ ಒಂದು ಸಲ ನಾನು ಗಟ್ಟಿಯಾಗಿ ಮಾತಾಡತೊಡಗಿದೆ. ಈಗ ಸಾಬಾಣದಲೆ ಕೈ ತೊಳದ್ನಿ. ಈಗ ಪಟ್ಟಿ ತೋಯಿಸಿ ಬಿಚ್ಚಾಕತ್ತೇನಿ. ಈಗ ನೀರ ಬಿಟ್ನಿ. ಹೊರಗಿನಿಂದ ಗಂಗವ್ವ ಕೇಳಿ, "ಯಾರ ಜೋಡಿ ಮಾತಾಡಾಕತ್ತೀರಿ ಅಕ್ಕಾ?" ಎಂದು ನಕ್ಕಳು. ಶ್ರಾವಣಿಗೆ ಅದು ಆಟವಾಯಿತು. ನಾನು ಒಂದು ಮರೆತರೆ, "ಆಯಿ, ಕೈ ಒರಿಸಿಕೊಂಡಿದ್ದ ಹೇಳಲಿಲ್ಲ" ಎನ್ನುತ್ತಿದ್ದಳು. ಅಳುವುದನ್ನು ಯಾವಾಗ ಬಿಟ್ಟಳೋ ತಿಳಿಯಲೇ ಇಲ್ಲ.

ಐದನೆಯ ದಿನ ಗಾಯದ ಅಂಚಿನಿಂದ ಉಳ್ಳಾಗಡ್ಡಿಯ ಒಳಪದರದಂಥ ತೆಳು ಚರ್ಮ ಒಳಕ್ಕೆ ಸರಿಯುತ್ತಿರುವುದು ಕಾಣಿಸಿತು. ಏಳನೆಯ ದಿನ ನಡುವೆ ಒಂದು ಚುಕ್ಕೆಯಷ್ಟೇ ಉಳಿದಿತ್ತು. ಎಂಟನೆಯ ದಿನ ಡಾಕ್ಟರ್ ನೋಡಿ, "ಗೋಕಾಕ ಬ್ಯಾಡ" ಎಂದರು. ಎರಡೇ ಮಾತು. ಸುಜಾತಾ ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟಳು.

ಕೂಡಿದ ಮೇಲೂ ಕಥೆ ಮುಗಿಯಲಿಲ್ಲ. ಅದನ್ನು ನಿಮಗೆ ಹೇಳಬೇಕು, ಯಾಕೆಂದರೆ ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಎರಡು ತಿಂಗಳಿಗೆ ಆ ಜಾಗ ಮೊದಲಿಗಿಂತ ಕೆಂಪಾಗಿ, ಸ್ವಲ್ಪ ಉಬ್ಬಿ ಬಂತು. ಮತ್ತೆ ಕೆಟ್ಟಿತು ಎಂದು ಓಡಿದೆವು. ಕೆಟ್ಟಿಲ್ಲ, ಮಕ್ಕಳ ಚರ್ಮ ಬೇಗ ಕೂಡುತ್ತದೆ, ಆದರೆ ಕಲೆ ಶಾಂತವಾಗಲು ವರ್ಷಗಟ್ಟಲೆ ಬೇಕು, ಬಿಸಿಲು ತಾಗಿಸಬೇಡಿ ಎಂದರು. ಆ ಬೇಸಿಗೆಯೆಲ್ಲ ಅವಳು ಅಗಲ ಅಂಚಿನ ಟೊಪ್ಪಿಗೆ ಹಾಕಿಕೊಂಡೇ ಹೊರಗೆ ಹೋದಳು. ತರಗತಿಯ ಹುಡುಗಿಯೊಬ್ಬಳು ಟೊಮ್ಯಾಟೊ ಎಂದು ಕರೆದಳೆಂದು ಒಂದು ದಿನ ಅಳುತ್ತ ಬಂದಳು. ತುರಿಕೆ ಬಂದಾಗ ಕೆರೆದುಕೊಳ್ಳದಂತೆ ನಾನು ಆ ಜಾಗದ ಸುತ್ತ ಬೆರಳಿನಿಂದ ಮೆಲ್ಲಗೆ ಸವರುತ್ತ ಕೂರುತ್ತಿದ್ದೆ. ಮಳೆಗಾಲದ ಹೊತ್ತಿಗೆ ಕೆಂಪು ಗುಲಾಬಿಯಾಯಿತು, ಮರುವರ್ಷ ಉಬ್ಬು ಇಳಿಯಿತು. ಈಗ ಉಳಿದಿರುವುದು ನೀವು ಮುಟ್ಟಿ ನೋಡಿದಷ್ಟೇ. ಅದರ ಒಂದು ಅಂಚಿನಲ್ಲಿ ಸ್ವಲ್ಪ ಬೂದು ಛಾಯೆ ಇದೆ. ತೊಳೆದರೂ ಹೋಗದೆ ಚರ್ಮದೊಳಗೇ ಉಳಿದ ನನ್ನ ವಿಭೂತಿ. ಅದು ಹೋಗಲಿಕ್ಕಿಲ್ಲ ಎಂದಿದ್ದಾರೆ. ಮೊದಲೆಲ್ಲ ಅವಳ ಜಡೆ ಹೆಣೆಯುವಾಗ ಆ ಕಡೆ ಕಣ್ಣು ಹೋದರೆ ನನ್ನ ಕೈ ನಿಲ್ಲುತ್ತಿತ್ತು. ಈಗ ನಿಲ್ಲುವುದಿಲ್ಲ.

ವಿಭೂತಿ ಹಣೆಗೆ ಹಚ್ಚಿಕೊಳ್ಳುವುದನ್ನು ನಾನು ಬಿಟ್ಟಿಲ್ಲ. ಗಾಯಕ್ಕೆ ಮಾತ್ರ ನೀರು.

ಈ ವರ್ಷ ಶಾಲೆ ಶುರುವಾದ ವಾರ ಶ್ರಾವಣಿ ಸೈಕಲ್ ಕಲಿಯುತ್ತ ಬಿದ್ದಳು. ಕೂಗು ಕೇಳಿ ನಾನು ಓಡಿ ಬರುವಷ್ಟರಲ್ಲಿ ಅವಳು ತಾನೇ ನಳದ ಕೆಳಗೆ ಮೊಣಕಾಲು ಇಟ್ಟುಕೊಂಡು ಕೂತಿದ್ದಳು. "ಆಯಿ, ಒಳಗ ಉಸುಕ ಐತಿ, ಚಾಳೀಸ ಹಾಕ್ಕೊಂಡ ಬಾ." ಕನ್ನಡಕ ಹಾಕಿಕೊಂಡು, ನೀರು ಬಿಟ್ಟು, ಒಂದೊಂದೇ ಕಣ ತೆಗೆದೆ. ಆಮೇಲೆ ಕಟ್ಟೆಯ ಮೇಲೆ ಕೂತ ಮಂದಿಯ ಎದುರಿಗೇ, ಆ ದಿನ ತವರಿಗೆ ಹೋಗಿದ್ದ ಸುಜಾತಾಳಿಗೆ ಫೋನು ಹಚ್ಚಿ, ಎಲ್ಲಿ ಬಿದ್ದಳು, ಹೇಗೆ ಬಿದ್ದಳು, ಎಷ್ಟು ಹೊತ್ತು ತೊಳೆದೆ, ಏನು ಹಚ್ಚಿದೆ ಎಂದು ಒಂದೂ ಬಿಡದೆ ಹೇಳಿದೆ.

"ಸಾಕ್ರಿ ಅತ್ತಿ, ತಿಳೀತು" ಎಂದು ಅವಳು ಆ ಕಡೆ ನಗುತ್ತಿದ್ದಳು.

ಆ ಗಾಯ ಹತ್ತು ದಿನದಲ್ಲಿ ಮಾಯವಾಯಿತು. ಮೊನ್ನೆ ಅವಳ ಕಾಲಿಗೆ ಎಣ್ಣೆ ಹಚ್ಚುವಾಗ ಅದರ ಗುರುತು ಹುಡುಕಿದೆ. ಸಿಗಲಿಲ್ಲ. ಬಿದ್ದದ್ದು ಯಾವ ಕಾಲು ಎಂದು ಅವಳನ್ನು ಕೇಳಿದೆ. ಅವಳಿಗೂ ನೆನಪಿರಲಿಲ್ಲ.